ಬಾದಲ್ ನಂಜುಂಡಸ್ವಾಮಿ

ಬೀದಿಯನ್ನೇ ಚಿತ್ರಭಿತ್ತಿಯಾಗಿಸಿ ನಾಗರಿಕ ಹಕ್ಕಿನ ಪ್ರಶ್ನೆಗಳನ್ನು ಎತ್ತಿದ ಕನ್ನಡದ ಸಮಕಾಲೀನ ಕಲಾವಿದ. ಮೈಸೂರಿನವರು, ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ (ಕಾವಾ) ಕಲಿತರು. ಚಲನಚಿತ್ರ ಕಲಾ ನಿರ್ದೇಶನದಲ್ಲೂ ತೊಡಗಿದ್ದಾರೆ.

ಹದಗೆಟ್ಟ ರಸ್ತೆ, ಬಾಯ್ದೆರೆದ ಮ್ಯಾನ್‌ಹೋಲ್ ಮೊದಲಾದ ನಿತ್ಯದ ಅಪಾಯಗಳೇ ಇವರ ಕೃತಿಗಳ ವಸ್ತು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ನೀರು ತುಂಬಿದ ಗುಂಡಿಯಲ್ಲಿ ಆಳೆತ್ತರ ಮೀರಿದ ಮೊಸಳೆಯ ಪ್ರತಿಕೃತಿ ಇಟ್ಟರು. ಸುದ್ದಿ ಹರಡಿದ ಬೆನ್ನಲ್ಲೇ ದುರಸ್ತಿ ಆರಂಭವಾಯಿತು. 2017ರಲ್ಲಿ ಗುಂಡಿಯೊಂದನ್ನು ಮತ್ಸ್ಯಕನ್ಯೆಯ ಕೊಳವಾಗಿ ತೋರಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೇರೋಹಳ್ಳಿ ಬಳಿ ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು ಹಳ್ಳ ಬಿದ್ದ ರಸ್ತೆಯಲ್ಲಿ ಚಂದ್ರನ ಮೇಲೆಂಬಂತೆ ನಡೆದ ಇವರ ವಿಡಿಯೊ ಲೋಕದಾದ್ಯಂತ ಹಬ್ಬಿತು. ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದ ದಿನಗಳಲ್ಲೇ ಬಂದದ್ದರಿಂದ ಅದರ ಚಾಟಿ ಇನ್ನಷ್ಟು ಚುರುಕಾಯಿತು. ಪಾಲಿಕೆ ಕೂಡಲೇ ರಸ್ತೆ ಸರಿಪಡಿಸಲು ಮುಂದಾಯಿತು.

ಕರ್ನಾಟಕದಲ್ಲಿ ಇಂಥ ಕಲೆಗೆ ಹಿಂದಿನ ಪರಂಪರೆಯಿದೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡವು ಬಿಹಾರದ ದಲಿತ ಹತ್ಯಾಕಾಂಡವನ್ನು ಕುರಿತ ‘ಬೆಲ್ಚಿ’ ಬೀದಿ ನಾಟಕವನ್ನು ಊರೂರಿಗೆ ಒಯ್ದಿತ್ತು. ಅದೇ ಹಾದಿಯಲ್ಲಿ, ಗ್ಯಾಲರಿಯ ಹೊಸ್ತಿಲು ತುಳಿಯದ ಜನರ ಬಳಿಗೆ ಕಲೆಯನ್ನು ತಂದು, ಆಡಳಿತವನ್ನು ಉತ್ತರದಾಯಿಯಾಗಿಸಿದ್ದು ನಂಜುಂಡಸ್ವಾಮಿಯವರ ಮುಖ್ಯ ಕೊಡುಗೆ.