ಗಂಧದ ಮದನಿಕೆ

ಬೇಲೂರಿನ ಚೆನ್ನಕೇಶವ ದೇವಾಲಯದ (1117) ಮದನಿಕೆಯರನ್ನು, ಅಂದರೆ ಸೂರಿನಡಿಯ ಸುಂದರಿಯರ ಶಿಲ್ಪಗಳನ್ನು, ಅನುಸರಿಸಿ ಶ್ರೀಗಂಧದಲ್ಲಿ ಕೆತ್ತುವ ಪುಟ್ಟ ವಿಗ್ರಹ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಉತ್ತರ ಕನ್ನಡದ ಶಿರಸಿ, ಕುಮಟಾ, ಹೊನ್ನಾವರಗಳ ಗುಡಿಗಾರರು ಈ ಕೆಲಸದಲ್ಲಿ ನುರಿತವರು. ಚಳ್ಳಕೆರೆಗೆ ಕಂಬಳಿ, ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಹೇಗೋ ಸಾಗರ, ಸೊರಬಗಳಿಗೆ ಗಂಧದ ಕೆತ್ತನೆ ಹಾಗೆ. ಶಾಸನತಜ್ಞ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಗುಡಿಗಾರರ ಕುಸುರಿಯನ್ನೂ ಬಣ್ಣಿಸಿದ್ದಾರೆ. ಮದುವೆಯ ಬಾಸಿಂಗ, ಬೆಂಡಿನ ಕೆಲಸ, ಮಣ್ಣಿನ ಗಣಪತಿ ಕೂಡ ಈ ಸಮುದಾಯದ ಕಸುಬೇ.

ದಿಮ್ಮಿಯ ಸಿಪ್ಪೆ ಮತ್ತು ಹೊರಗಿನ ಬಿಳಿಮರವನ್ನು ಸವರಿ ಚೇಗನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಎಣ್ಣೆ, ಪರಿಮಳ ಇರುವುದು ಅದರಲ್ಲೇ. ಅದರ ಮೇಲೆ ರೂಪುರೇಖೆ ಬರೆದು, ಹೆಚ್ಚಿನ ಮರವನ್ನು ಗರಗಸದಿಂದ ತೆಗೆದು, ಉಳಿ ಕೊಡತಿಗಳಿಂದ ಮೈಕಟ್ಟು ಬಿಡಿಸುತ್ತಾರೆ. ಒಡವೆ, ಜಡೆ, ತಲೆಯ ಮೇಲಿನ ಬಳ್ಳಿಚಪ್ಪರಕ್ಕೆ ಸಣ್ಣ ಉಳಿಗಳೇ ಬೇಕು. ಎಳೆ ನಯವಾಗಿ ಒತ್ತಾಗಿರುವುದರಿಂದ ಗಂಧದ ಮರ ಇಷ್ಟು ಸೂಕ್ಷ್ಮವನ್ನು ತಾಳುತ್ತದೆ. ಬಣ್ಣ ಬಳಿಯುವುದಿಲ್ಲ. ಉದುರಿದ ಚಕ್ಕೆ, ಪುಡಿಗೂ ಬೆಲೆಯುಂಟು.

ಬೇಲೂರಿನ ಮೂಲ ಮದನಿಕೆಯರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಬರುಬರುತ್ತ ಗಟ್ಟಿಯಾಗುವಂಥದ್ದು. ಅದಕ್ಕೆ ಎಳೆ ಎಂಬುದಿಲ್ಲ, ಮರಕ್ಕೆ ಇದೆ. ಕನ್ನಡಿ ಹಿಡಿದ ಮದನಿಕೆ ದರ್ಪಣಸುಂದರಿಯನ್ನೇ ನೋಡಿ. ಎಳೆ ಕೆಳಗಿನಿಂದ ಮೇಲಕ್ಕೆ ಹರಿದಿದ್ದರೆ ಕನ್ನಡಿ ಹಿಡಿದು ಚಾಚಿದ ಮುಂಗೈ ಎಳೆಗೆ ಅಡ್ಡಲಾಗಿ ಬೀಳುತ್ತದೆ. ಉಳಿಯ ಪೆಟ್ಟು ತುಸು ಜೋರಾದರೂ ಅದು ಮುರಿಯಬಹುದು. ನೋಟವೂ ಬೇರೆ. ದೇವಾಲಯದಲ್ಲಿ ಆಕೆ ಸೂರಿನಡಿ ಓರೆಯಾಗಿ ನಿಂತು ಕೆಳಗಿದ್ದವರತ್ತ ಬಾಗಿದ್ದಾಳೆ. ಮರದವಳು ಪೀಠದ ಮೇಲೆ ನೆಟ್ಟಗೆ ನಿಂತು, ನೋಡುವವರ ಕಣ್ಣಿನ ಮಟ್ಟಕ್ಕೇ ಬರುತ್ತಾಳೆ. ಆದ್ದರಿಂದ ಒಳ್ಳೆಯ ಕೆಲಸಗಾರ ಅಳತೆ ಕುಗ್ಗಿಸಿ ಸುಮ್ಮನಾಗುವುದಿಲ್ಲ, ಕತ್ತಿನ ಬಾಗು, ಸೊಂಟದ ತಿರುವುಗಳನ್ನು ಹೊಸದಾಗಿ ಲೆಕ್ಕ ಹಾಕುತ್ತಾನೆ. ಈ ವಿಗ್ರಹಗಳನ್ನು ಬರೀ ನಕಲು ಎಂದು ತಳ್ಳಿಹಾಕುವುದು ಸರಿಯಲ್ಲ.

ಬೇಲೂರಿನ ಮದನಿಕೆಯರಲ್ಲಿ ಕೆಲವರನ್ನು ಕಡೆದ ದಾಸೋಜ, ಅವನ ಮಗ ಚಾವಣ ಬಳ್ಳಿಗಾವಿಯವರು. ಅದು ಸೊರಬಕ್ಕೆ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅವರು ತಮ್ಮ ಹೆಸರನ್ನು ಶಿಲ್ಪದ ಬುಡದಲ್ಲೇ ಕೊರೆದರು. ಅಂಗಡಿಯಲ್ಲಿ ಮಾರಾಟವಾಗುವ ಗಂಧದ ಮದನಿಕೆಯ ಮೇಲೆ ಸಾಮಾನ್ಯವಾಗಿ ಕೆತ್ತಿದವರ ಹೆಸರಿರುವುದಿಲ್ಲ. ಇರಬೇಕು.

1964ರಲ್ಲಿ ಆರಂಭವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು ಇವುಗಳ ಮುಖ್ಯ ಮಾರುಕಟ್ಟೆ. ಟಿಪ್ಪು ಸುಲ್ತಾನನ ಕಾಲದಿಂದ ಸರ್ಕಾರದ ಸೊತ್ತಾಗಿದ್ದ ಶ್ರೀಗಂಧವನ್ನು 2001ರ ಕಾಯ್ದೆ ತಿದ್ದುಪಡಿಯ ನಂತರ ರೈತರೂ ಸ್ವಂತಕ್ಕೆ ಬೆಳೆಯಬಹುದು. ಆದರೆ ಚೇಗು ಬಲಿಯಲು ವರ್ಷಗಟ್ಟಲೆ ಕಾಯಬೇಕು, ಮರ ದುಬಾರಿ. ಹೀಗಾಗಿ ಅದೇ ಮದನಿಕೆಯರನ್ನು ಶಿವನೆ ಮರದಲ್ಲೂ ಕೆತ್ತುತ್ತಾರೆ.