ಮಂದತೈಲವೂ ದ್ರಾವಕಬಾಷ್ಪವೂ

ಹಾಸನ ಸೀಮೆಯ ಮಾರನಹಳ್ಳಿಯ ಸುತ್ತಣ ಬೆಟ್ಟಗಳು ನೈಸ್ ಮೊದಲಾದ ಅತಿಪ್ರಾಚೀನ ಶಿಲೆಗಳಿಂದಾದವು. ಕಲ್ಲೆಣ್ಣೆಯು ಹುಟ್ಟುವುದೂ ನಿಲ್ಲುವುದೂ ಪ್ರಾಯಿಕವಾಗಿ ಪದರುಶಿಲೆಗಳಲ್ಲಾದುದರಿಂದ ಅದನ್ನು ಇಲ್ಲಿ ಅರಸುವುದು ವ್ಯರ್ಥ. ಹಬೆಯಿಂದ ಎಣ್ಣೆ ತೆಗೆಯುವ ವಿದ್ಯೆಯು ಕನ್ನಡನಾಡಿಗೆ ಪರಿಚಿತವಾದುದು ಶ್ರೀಗಂಧದ ಮೂಲಕ. 1914ರ ಮಹಾಯುದ್ಧದಿಂದ ಜರ್ಮನಿಯ ಕೊಳ್ಳುವಿಕೆ ನಿಂತುಹೋಗಲು, ಮೈಸೂರು ಸರ್ಕಾರವು 1916ರಲ್ಲಿ ಬೆಂಗಳೂರಿನಲ್ಲಿಯೂ ತರುವಾಯ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳನ್ನು ಸ್ಥಾಪಿಸಿತು. ಅಲ್ಲಿ ಹಬೆಯು ಗಂಧದ ಪುಡಿಯೊಳಗೆ ಹೊಕ್ಕು ಎಣ್ಣೆಯನ್ನು ತನ್ನೊಡನೆ ಮೇಲಕ್ಕೆ ಹೊತ್ತು ತರುತ್ತದೆ. ನೆಲದಡಿಯ ಮಂದತೈಲದ ಪರಿಯೇ ಬೇರೆ. ಅದು ಆವಿಯಾಗಿ ಏಳುವುದಲ್ಲ, ತೆಳುವಾಗಿ ಕೆಳಕ್ಕಿಳಿಯಬೇಕು.

ಇಂಥ ತೈಲವು ಕೆನಡಾ ದೇಶದ ಅಥಬಾಸ್ಕಾ ನದೀಪ್ರಾಂತದ ಮರಳಿನಲ್ಲಿ ಅಪಾರವಾಗಿದೆ. ಅಲೆಗ್ಸಾಂಡರ್ ಮೆಕೆಂಜಿಯು 1801ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನೂ, ಮೂಲನಿವಾಸಿಗಳು ಅದರಿಂದ ದೋಣಿಗಳ ಸಂದು ಮುಚ್ಚುತ್ತಿದ್ದುದನ್ನೂ ಹೇಳಿದ್ದಾನೆ. ನಿಕ್ಷೇಪದ ಸಹಜವಾದ ತಣ್ಪಿನಲ್ಲಿ ಅದರ ಸ್ನಿಗ್ಧತೆಯು ನೀರಿನದಕ್ಕಿಂತ ಹತ್ತು ಲಕ್ಷ ಮಡಿಯನ್ನು ಮೀರುವುದುಂಟು. ಹಬೆಯಿಂದ ಕಾದ ತೈಲವು ಸ್ವಭಾರದಿಂದಲೇ ಕೆಳಗಣ ಅಡ್ಡಬಾವಿಗೆ ಇಳಿದು ಬರುವ ವಿಧಾನವನ್ನು ಕಲ್ಪಿಸಿದವರು ರೋಜರ್ ಬಟ್ಲರರು. 1978ರಲ್ಲಿ ಕೋಲ್ಡ್ ಲೇಕಿನಲ್ಲಿ ಅದರ ಪರೀಕ್ಷೆ ನಡೆಯಿತು. ವಿಧಾನವು ಫಲಿಸಿತು, ವೆಚ್ಚ ಮಾತ್ರ ಸಣ್ಣದಲ್ಲ. ಒಂದು ಪೀಪಾಯಿ ತೈಲಕ್ಕೆ ಸುಮಾರು ಮೂರು ಪೀಪಾಯಿ ನೀರನ್ನು ಹಬೆಯಾಗಿಸಬೇಕು. ಅದಕ್ಕಾಗಿ ಬೇರೊಂದು ಇಂಧನವನ್ನು ಸುಡಬೇಕು.

ಶಾಖವು ಮಾಡುವ ಕೆಲಸವನ್ನು ದ್ರಾವಕವೇ ಮಾಡಲಾರದೆ? 1989ರಲ್ಲಿ ಬಟ್ಲರರೂ ಮೋಕ್ರಿಸರೂ ಪ್ರಕಟಿಸಿದ ಪ್ರಬಂಧದ ಹುರುಳು ಇದೇ. ಅದು ಕೇವಲ ಉಪಮಾನದ ಮೇಲೆ ನಿಂತ ಗ್ರಂಥವೆಂಬುದು ಸಾಹಿತ್ಯಾಭ್ಯಾಸಿಗಳಿಗೆ ಸ್ವಾರಸ್ಯವಾಗಿ ತೋರಬಹುದು: ಹಬೆಗೆ ದ್ರಾವಕವು, ಶಾಖದ ಹರಡಿಕೆಗೆ ಅಣುಗಳ ಹರಡಿಕೆಯು ಸಮಾನವೆಂದು ಎಣಿಸಿ, ಹಬೆಯ ಗಣಿತವನ್ನೇ ಅಲ್ಲಿಗೆ ಹೊಂದಿಸಲಾಯಿತು. ಮೊದಲ ಪ್ರಯೋಗಗಳಲ್ಲಿ ದ್ರವರೂಪದ ಟಾಲ್ಯೂಯಿನ್ ಬಳಕೆಯಾಯಿತು. 1991ರ ಹೊತ್ತಿಗೆ ಪ್ರೊಪೇನ್ ಬಾಷ್ಪವು ಆ ಸ್ಥಾನಕ್ಕೆ ಬಂದಿತು. ಬಾಷ್ಪವು ತೈಲದ ಮೈಯಲ್ಲಿ ಕರಗುತ್ತದೆ. ತೆಳುವಾದ ಪದರವು ಜಾರಿಬೀಳುತ್ತಲೇ ಹೊಸ ಮೈ ತೆರೆದುಕೊಳ್ಳುತ್ತದೆ. ಆಸ್ಫಾಲ್ಟೀನ್ ಎಂಬ ಭಾರವಾದ ಅಂಶವು ನೆಲದೊಳಗೇ ಉಳಿದು, ಹಗುರವಾದ ತೈಲವು ಹೊರಬರುವುದೂ ಸಾಧ್ಯ. ನೀರೂ ಬೇಡ, ಬೆಂಕಿಯೂ ಬೇಡ.

ಉಪಮಾನವು ಸೋತದ್ದು ಕಾಲದ ವಿಷಯದಲ್ಲಿ. ಶಾಖವು ಮರಳನ್ನೂ ತೈಲವನ್ನೂ ಹಾಯ್ದು ಬೇಗ ಹರಡುತ್ತದೆ. ದ್ರಾವಕದ ಅಣುಗಳು ಮಂದತೈಲದೊಳಗೆ ಅದಕ್ಕಿಂತ ಎಷ್ಟೋ ನಿಧಾನವಾಗಿ ಸಾಗುತ್ತವೆ. ಮೇಲಾಗಿ ದ್ರಾವಕವು ತಾನೇ ಬೆಲೆಯುಳ್ಳದ್ದು. ನೆಲದಲ್ಲಿ ಉಳಿದಷ್ಟೂ ನಷ್ಟವೇ. ಆದುದರಿಂದ ಶುದ್ಧ ಬಾಷ್ಪವಿಧಾನವು ಪರೀಕ್ಷೆಗಳನ್ನು ದಾಟಿ ಹಬೆಯ ಸ್ಥಾನವನ್ನು ಪಡೆಯಲಿಲ್ಲ. ಕೋಲ್ಡ್ ಲೇಕಿನ ಗ್ರಾಂಡ್ ರ್ಯಾಪಿಡ್ಸ್ ಪದರದಲ್ಲಿ ಇಂಪೀರಿಯಲ್ ಆಯಿಲ್ ಸಂಸ್ಥೆಯು 2024ರಲ್ಲಿ ತೈಲ ತೆಗೆಯಲಾರಂಭಿಸಿದ್ದು ಹಬೆಗೆ ದ್ರಾವಕವನ್ನು ಬೆರೆಸಿ.