ಹಿರಿಯರ ಬಾಯಿಂದ ಮಕ್ಕಳ ಕಿವಿಗೆ

ನಮ್ಮ ಇಗರ್ಜಿಯು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭಾವಸರದಲ್ಲಿ ಅದರ ಗೋಡೆ, ಗಂಟೆ, ಬಲಿಪೀಠಗಳ ಚರಿತ್ರೆಯನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆಯನ್ನೂ ಈ ಸಂಚಿಕೆಯ ಇತರ ಪುಟಗಳು ನಿರೂಪಿಸುತ್ತವೆ. ಆದರೆ ಇಗರ್ಜಿಯೆಂದರೆ ಬರಿಯ ಕಟ್ಟಡವಲ್ಲ; ಅದರೊಳಗೆ ತಲೆಮಾರುಗಳಿಂದ ಮೊಣಕಾಲೂರಿ ಪ್ರಾರ್ಥಿಸಿದ ಮನೆತನಗಳ ಸಮುದಾಯ. ಆ ಮನೆತನಗಳ ಚರಿತ್ರೆಯನ್ನು ಬರೆಯಬೇಕಾದವರು ಯಾರು? ನಮ್ಮ ಮಕ್ಕಳೇ ಬರೆಯಬೇಕೆಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಕಾರಣವನ್ನು ನಮ್ಮ ಕರಾವಳಿ ಕಥೋಲಿಕರ ಇತಿಹಾಸವೇ ಒದಗಿಸುತ್ತದೆ.

ಮುಂಬೈಯಿಂದಲೋ ಗಲ್ಫ್ ದೇಶಗಳಿಂದಲೋ ರಜೆಗೆಂದು ಊರಿಗೆ ಬಂದ ಮಗುವೊಂದು ಅಜ್ಜಿಯ ಪಕ್ಕದಲ್ಲಿ ಕುಳಿತು, “ನಾವು ಎಲ್ಲಿಂದ ಬಂದವರು?” ಎಂದು ಕೇಳಿದರೆ, ಅಜ್ಜಿಯ ಉತ್ತರ ಸಾಮಾನ್ಯವಾಗಿ ಒಂದೇ ಮಾತು: “ಗೋವೆಯಿಂದ.” ಆ ಒಂದು ಮಾತಿನ ಹಿಂದೆ ಸುಮಾರು ನಾಲ್ಕೂವರೆ ಶತಮಾನಗಳ ಕಥೆಯಿದೆ. ಮಗು ಆ ಕಥೆಯನ್ನು ಹುಡುಕುತ್ತ ಹಿಂದಕ್ಕೆ ಹೊರಟರೆ ಅದಕ್ಕೆ ಏನೇನು ಸಿಗುವುದೆಂಬುದನ್ನು ನೋಡೋಣ.

ಮೊದಲು ಕಣ್ಣಿಗೆ ಬೀಳುವುದು ಕುಲನಾಮ. ಪೋರ್ಚುಗೀಸ್ ಭಾಷೆಯಲ್ಲಿ ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ, ಪಿರೇರಾ ಎಂದರೆ ಪೇರ್ ಹಣ್ಣಿನ ಮರ. ಈ ಹೆಸರುಗಳು ರಕ್ತಸಂಬಂಧದಿಂದ ಬಂದವಲ್ಲ. ಗೋವೆಯಲ್ಲಿ ನಮ್ಮ ಪೂರ್ವಜರು ಜ್ಞಾನಸ್ನಾನ ಪಡೆದಾಗ ಜ್ಞಾನಸ್ನಾನ ನೀಡಿದ ಗುರುಗಳಿಂದಲೋ ಜ್ಞಾನ ತಂದೆಯಿಂದಲೋ ಬಂದವು. ಆದುದರಿಂದ ಒಂದೇ ಕುಲನಾಮವುಳ್ಳ ಎರಡು ಮನೆಗಳು ಬಂಧುಗಳಾಗಿರಲೇಬೇಕೆಂದಿಲ್ಲ. ಪ್ರಭು, ಕಾಮತ್, ಪೈ, ಶೆಣೈ, ನಾಯ್ಕ್ ಮೊದಲಾದ ಹಳೆಯ ಹೆಸರುಗಳನ್ನು ಇಂದಿಗೂ ನೆನಪಿನಲ್ಲಿಟ್ಟುಕೊಂಡಿರುವ ಕುಟುಂಬಗಳು ನಮ್ಮಲ್ಲಿವೆ. ಇದನ್ನು ಮಕ್ಕಳಿಗೆ ತಿಳಿಸುವಾಗ ಒಂದು ಎಚ್ಚರಿಕೆ ಅಗತ್ಯ. ಹಳೆಯ ಹೆಸರು ನಮ್ಮ ದಾರಿಯ ಗುರುತೇ ಹೊರತು ಕುಲದ ಹೆಮ್ಮೆಗೆ ಸಾಧನವಲ್ಲ. ಒಂದೇ ಜಲದಿಂದ ಸ್ನಾನ ಪಡೆದವರಲ್ಲಿ ಮೇಲು ಕೀಳೆಂಬ ಭೇದ ಸಲ್ಲದು.

ಎರಡನೆಯದಾಗಿ ಸಿಗುವುದು ಇಗರ್ಜಿಯ ದಾಖಲೆ ಪುಸ್ತಕ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜ್ಞಾನ ತಂದೆತಾಯಿಗಳ ಹೆಸರು, ದಿನಾಂಕ, ಗುರುಗಳ ಸಹಿ ಇವೆಲ್ಲ ದಾಖಲಾಗಿರುತ್ತವೆ. ನಮ್ಮ ಪುಸ್ತಕಗಳು ನೂರು ವರ್ಷಗಳಷ್ಟೇ ಹಿಂದಕ್ಕೆ ಹೋಗುತ್ತವೆ; ಅದಕ್ಕೂ ಹಿಂದಿನವರನ್ನು ಕಾಣಬೇಕಾದರೆ ನಮ್ಮ ಧರ್ಮಕೇಂದ್ರವು ಯಾವ ಮೂಲ ಇಗರ್ಜಿಯಿಂದ ಬೇರ್ಪಟ್ಟಿತೋ ಅಲ್ಲಿಗೆ ಹೋಗಬೇಕು. ಹೀಗೆ ಇಗರ್ಜಿಯಿಂದ ಇಗರ್ಜಿಗೆ ಹಿಂದಕ್ಕೆ ಸಾಗಿದರೆ ಹತ್ತೊಂಬತ್ತನೆಯ ಶತಮಾನದ ಆರಂಭವನ್ನು ಮುಟ್ಟಬಹುದು. ಅಲ್ಲಿಗೆ ಬಹುತೇಕ ಮನೆತನಗಳ ಲಿಖಿತ ದಾರಿ ಕಡಿದುಹೋಗುತ್ತದೆ.

ಅದು ಕಡಿದುದು ೧೭೮೪ರಲ್ಲಿ. ಆ ವರ್ಷದ ಫೆಬ್ರವರಿ ತಿಂಗಳಲ್ಲಿ, ವಿಭೂತಿ ಬುಧವಾರದ ವೇಳೆಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಪ್ರಾಂತದ ಕಥೋಲಿಕರನ್ನು ಬಂಧಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆಪಾದನೆ. ಸೆರೆಯಾದವರ ಸಂಖ್ಯೆಯನ್ನು ಕೆಲವರು ೩೦,೦೦೦ ಎಂದೂ ಕೆಲವರು ೮೦,೦೦೦ ಎಂದೂ ಬರೆದಿದ್ದಾರೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲಾತ್ಕಾರದಿಂದ ಮತಾಂತರಗೊಂಡವರು ಅನೇಕರು. ಇಗರ್ಜಿಗಳನ್ನು ಕೆಡವಲಾಯಿತು, ಅವುಗಳೊಂದಿಗೆ ಅಲ್ಲಿದ್ದ ಪುಸ್ತಕಗಳೂ ಬಹುಮಟ್ಟಿಗೆ ಇಲ್ಲವಾದವು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ ಬದುಕುಳಿದವರು ಊರಿಗೆ ಮರಳಿದರು. ಹದಿನೈದು ವರ್ಷಗಳ ಹಿಂದೆ ಬಿಟ್ಟುಹೋದ ಗದ್ದೆ ತೋಟಗಳು ಎಷ್ಟೋ ಮಂದಿಗೆ ಅಷ್ಟರಲ್ಲಿ ಪರರ ಪಾಲಾಗಿದ್ದವು.

ಈ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ದ್ವೇಷವನ್ನು ಬಿತ್ತುವುದಕ್ಕಲ್ಲ. ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ಅವನ ಔದಾರ್ಯದಿಂದಲೇ ೧೭೯೨ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ ಹುಟ್ಟಿಕೊಂಡಿತು. ಒಬ್ಬ ಅರಸನು ನಮ್ಮವರನ್ನು ಸೆರೆಗೆ ಒಯ್ದರೆ, ಬೇರೆ ಧರ್ಮದವನೇ ಆದ ಇನ್ನೊಬ್ಬ ಅರಸನು ನೆಲ ಕೊಟ್ಟನು. ಎರಡನ್ನೂ ಜೊತೆಯಾಗಿ ಹೇಳಿದಾಗಲೇ ಚರಿತ್ರೆ ಪೂರ್ಣವಾಗುತ್ತದೆ.

ಹಾಗಾದರೆ ಕಾಗದವೆಲ್ಲ ನಾಶವಾದ ಮೇಲೆ ಸೆರೆವಾಸವನ್ನು ದಾಟಿ ಬಂದುದು ಯಾವುದು? ಮೊಂತಿ ಹಬ್ಬವನ್ನು ನೋಡಿರಿ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ೧೭೬೩ರಲ್ಲಿ ಗೋವೆಯವರಾದ ಫಾದರ್ ಜೋಕಿಂ ಮಿರಾಂದಾ ಅವರು ಈ ಹಬ್ಬವನ್ನು ಆರಂಭಿಸಿದರೆಂದು ಹೇಳಲಾಗುತ್ತದೆ. ಅನಂತರ ಇಪ್ಪತ್ತೊಂದು ವರ್ಷಗಳಲ್ಲಿ ಸೆರೆವಾಸ ಬಂದಿತು. ಹಬ್ಬ ಅಳಿಯಲಿಲ್ಲ. ಇಂದಿಗೂ ಆಗಸ್ಟ್ ೩೦ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂವು ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ ೮ರಂದು ಆಶೀರ್ವದಿತ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳುಗಳನ್ನು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಬಾಳೆಯೆಲೆಯಲ್ಲಿ ಸಸ್ಯಾಹಾರದ ಊಟ, ಪದಾರ್ಥಗಳ ಸಂಖ್ಯೆ ಮೂರೋ ಐದೋ ಏಳೋ ಹೀಗೆ ಬೆಸ. ಗೋವೆಯ ಇಗರ್ಜಿಗಳಲ್ಲಿಯೂ ಆಗಸ್ಟ್ ತಿಂಗಳಲ್ಲಿ ತೆನೆಹಬ್ಬವುಂಟು. ನಮ್ಮ ನೆರೆಯ ತುಳುವರೂ ಮನೆಗೆ ಕದಿರು ಕಟ್ಟಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಆದುದರಿಂದ ಆ ಒಂದು ಬಾಳೆಯೆಲೆಯ ಮೇಲೆ ನಮ್ಮ ವಿಶ್ವಾಸವೂ ಬೇಸಾಯವೂ ನೆರೆಹೊರೆಯೂ ಒಟ್ಟಿಗಿವೆ.

ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರವೂ ಹಾಗೆಯೇ. ಮದುಮಗಳಿಗೂ ಮದುಮಗನಿಗೂ ಅವರವರ ಮನೆಯಲ್ಲಿ ತೆಂಗಿನ ಹಾಲು, ಎಣ್ಣೆ ಹಚ್ಚುವಾಗ ಹೆಂಗಸರು ಹಾಡುವ ವೊವಿಯೊಗಳು ಒಂದು ಕಾಲದಲ್ಲಿ ನಿಷಿದ್ಧವಾಗಿದ್ದವೆಂದು ಎಷ್ಟು ಮಕ್ಕಳಿಗೆ ತಿಳಿದಿದೆ? ಗೋವೆಯಲ್ಲಿ ೧೫೬೦ರಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ನ್ಯಾಯಾಸನವು ೧೭೩೬ರಲ್ಲಿ ಆಜ್ಞೆ ಹೊರಡಿಸಿ ದೇಶೀಯ ಕ್ರೈಸ್ತರ ಹಲವು ಆಚಾರಗಳೊಂದಿಗೆ ಮದುವೆಯ ಈ ಹಾಡುಗಳನ್ನೂ ನಿಷೇಧಿಸಿತು. ಅದಕ್ಕೂ ಮೊದಲೇ, ೧೬೮೪ರಲ್ಲಿ, ಪೋರ್ಚುಗೀಸ್ ವೈಸರಾಯನು ಕೊಂಕಣಿ ಭಾಷೆಯ ಬಳಕೆಯ ವಿರುದ್ಧವೇ ಆಜ್ಞೆ ಮಾಡಿದ್ದನು. ಈ ಕಟ್ಟುಪಾಡು, ಯುದ್ಧ, ಕ್ಷಾಮ, ಕರಭಾರ ಇವೆಲ್ಲವುಗಳಿಂದ ಬೇಸತ್ತ ಕುಟುಂಬಗಳು ದಕ್ಷಿಣಕ್ಕೆ ಬಂದವು. ಒಳ್ಳೆಯ ಬೇಸಾಯಗಾರರೆಂದು ಕೆಳದಿಯ ಅರಸರು ಅವರಿಗೆ ನೆಲೆ ನೀಡಿದರು. ೧೬೮೧ರಿಂದ ಕೆಲವು ವರ್ಷ ಕೆನರಾದಲ್ಲಿ ದುಡಿದು, ೨೦೧೫ರಲ್ಲಿ ಸಂತ ಪದವಿಗೇರಿದ ಜೋಸೆಫ್ ವಾಸ್ ಅವರು ಇಲ್ಲಿಗೆ ಬಂದುದು ಇಂಥ ವಲಸೆಗಾರರ ನಡುವೆಯೇ. ನಿಷೇಧವನ್ನು ಮೀರಿ, ಸೆರೆಯನ್ನೂ ಮೀರಿ ಹಾಡು ಉಳಿದುದು ಅಜ್ಜಿಯರ ಕಂಠದಲ್ಲಿ. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಜನರ ಭಾಷೆ ಬಲಿಪೀಠವನ್ನು ಸೇರಿತು. ಕೊಂಕಣಿಯು ೧೯೯೨ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನೂ ಸೇರಿತು.

ಇದರಿಂದ ಒಂದು ವಿಷಯ ಸ್ಪಷ್ಟ. ೧೭೮೪ರಲ್ಲಿ ಪುಸ್ತಕ ನಾಶವಾಯಿತು, ನೆನಪು ಉಳಿಯಿತು. ಇಂದು ಪುಸ್ತಕ ಭದ್ರವಾಗಿದೆ, ನೆನಪು ಅಳಿಯುತ್ತಿದೆ. ವೊವಿಯೊ ಬಲ್ಲ ಅಜ್ಜಿಯೊಬ್ಬರು ತೀರಿಕೊಂಡಾಗ ನಾವು ಮರಣದ ಪುಸ್ತಕದಲ್ಲಿ ಹೆಸರು, ವಯಸ್ಸು, ದಿನಾಂಕ ಬರೆಯುತ್ತೇವೆ. ಅವರು ಬಲ್ಲ ಹಾಡುಗಳನ್ನು ಬರೆದಿಡಲು ಅದರಲ್ಲಿ ಸ್ಥಳವಿಲ್ಲ. ಹಬ್ಬಕ್ಕೆ ತೆನೆ ಬೇಕು, ಆದರೆ ಗದ್ದೆಯನ್ನು ಕಾಣದ ಮಕ್ಕಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಕುಸ್ವಾರ್ ಅಂಗಡಿಯಿಂದ ಬರುತ್ತದೆ. ನೆವ್ರಿಯ ಅಂಚನ್ನು ಮಡಚುವ ಕೈಚಳಕ ಅಂಗಡಿಯಲ್ಲಿ ಸಿಗದು.

ಆದುದರಿಂದ ಶತಮಾನೋತ್ಸವದ ನೆನಪಿಗೆ ಪ್ರತಿಯೊಂದು ಮನೆಯ ಮಕ್ಕಳೂ ಒಂದು ನೋಟು ಪುಸ್ತಕವನ್ನು ಆರಂಭಿಸಲಿ. ನಮ್ಮ ಮನೆಗೆ ಈ ಹೆಸರು ಏಕೆ ಬಂತು? ಅಜ್ಜಿಯ ತವರೂರು ಯಾವುದು? ಅಜ್ಜನ ಜ್ಞಾನ ತಂದೆ ಯಾರು? ಅವರು ಯಾರ ಗದ್ದೆಯಲ್ಲಿ ದುಡಿದರು? ಕಷ್ಟಕಾಲದಲ್ಲಿ ಕೈಹಿಡಿದ ನೆರೆಯವರು ಯಾರು? ಈ ಪ್ರಶ್ನೆಗಳನ್ನು ಹಿರಿಯರಲ್ಲಿ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆಯಲಿ. ಕೈಯಲ್ಲಿರುವ ಫೋನಿನಲ್ಲಿ ಅವರ ಹಾಡನ್ನು ಧ್ವನಿಮುದ್ರಿಸಲಿ. ವಿಚಾರಣೆ ಗುರುಗಳ ಅನುಮತಿ ಪಡೆದು ಇಗರ್ಜಿಯ ಪುಸ್ತಕದೊಂದಿಗೆ ತಾಳೆ ನೋಡಲಿ. ಅಜ್ಜನ ನೆನಪಿಗೂ ಪುಸ್ತಕದ ದಿನಾಂಕಕ್ಕೂ ವ್ಯತ್ಯಾಸ ಕಂಡರೆ ಎರಡನ್ನೂ ಬರೆದಿಡಲಿ. ತಂದೆತಾಯಿಗಳು ಮಕ್ಕಳಿಗೆ ಅದಕ್ಕೆ ಬೇಕಾದ ಬಿಡುವನ್ನು ಮಾಡಿಕೊಡಲಿ, ಹಿರಿಯರು, “ಹಳೆಯದೆಲ್ಲ ನಿನಗೇಕೆ?” ಎಂದು ಗದರದಿರಲಿ.

ಇನ್ನು ನೂರು ವರ್ಷಗಳ ಬಳಿಕ ಈ ಇಗರ್ಜಿಯ ದ್ವಿಶತಮಾನೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರು ನಮ್ಮನ್ನು ಕುರಿತು ಬರೆಯಲು ಹೊರಟಾಗ, ಅವರ ಕೈಗೆ ಈ ನೋಟು ಪುಸ್ತಕಗಳು ದೊರೆಯಲಿ. ಸೆರೆಯಲ್ಲಿಯೂ ಜಪಸರವನ್ನು ಕೈಬಿಡದ ನಮ್ಮ ವಡಿಲರ ಋಣವನ್ನು ಅಷ್ಟರಮಟ್ಟಿಗಾದರೂ ತೀರಿಸುವ ಬುದ್ಧಿಯನ್ನು ದೇವರು ನಮಗೆ ಕರುಣಿಸಲಿ.